ಉಂಡ ಮೇಲೆ ಕೊಟ್ಟ ಮಾರ್ಕ್ಸು

ಅರವತ್ತರ ದಶಕದಲ್ಲಿ ನಾನು ಧಾರವಾಡದ ಕಾಕಾರ ಮನೆಯಲ್ಲಿ ಮಗಳಂತಿದ್ದು ಬಿ.ಎ. ಓದಿದೆ. ಕಾಕಾ ಕಾಲೇಜಿನಲ್ಲಿ ಇತಿಹಾಸ ಕಲಿಸುತ್ತಿದ್ದರು. ಬೇಸಿಗೆ ಬಂತೆಂದರೆ ವಿಶ್ವವಿದ್ಯಾಲಯದಿಂದ ಉತ್ತರಪತ್ರಿಕೆಗಳ ಗಂಟು ಮನೆಗೇ ಬರುತ್ತಿತ್ತು. ಪತ್ರಿಕೆಯ ಮೇಲೆ ಹೆಸರಿಲ್ಲ, ಬರೀ ನಂಬರು. ಬೆಳಗಾದೊಡನೆ ಕೆಂಪು ಪೆನ್ಸಿಲ್ ಹಿಡಿದು ಕೂಡುವ ಚಟ ಕಾಕಾರದು. ಅವರ ಹೆಂಡತಿ, ನಮ್ಮ ಕಾಕು, ಬಿಡುತ್ತಿರಲಿಲ್ಲ.

"ಮೊದಲ ಉಣ್ರಿ. ಹಸದ ಹೊಟ್ಟೀಲೆ ಕೂತ್ರ ನೀವು ಎಲ್ಲಾರನ್ನೂ ನಪಾಸ ಮಾಡ್ತೀರಿ."

"ಮಾರ್ಕ್ಸಿಗೂ ರೊಟ್ಟಿಗೂ ಏನ ಸಂಬಂಧ?" ಎಂದು ಕಾಕಾ ಸಿಡುಕುತ್ತಿದ್ದರು.

ಸಂಬಂಧ ಇತ್ತು. ಒಮ್ಮೆ ಉಣ್ಣುವ ಮೊದಲು ಮೂವತ್ತಮೂರು ಕೊಟ್ಟು ನಪಾಸು ಮಾಡಿದ್ದ ಪತ್ರಿಕೆಯನ್ನು, ರೊಟ್ಟಿ ಎಣ್ಣೆಗಾಯಿ ಮುಗಿಸಿ ಬಂದು ಮತ್ತೆ ತೆರೆದರು. ನೋಡದೇ ಬಿಟ್ಟ ಒಂದು ಪುಟ ಸಿಕ್ಕಿತು; ಯಾರೋ ಪುಣ್ಯವಂತ ಪಾಸಾದ. ಅಂದಿನಿಂದ ಊಟವಾದ ಮೇಲೇ ಪೆನ್ಸಿಲ್ಲು.

ನಾನು ಕೊನೆಯ ಪರೀಕ್ಷೆಗೆ ಕೂತ ವರ್ಷ ಗಂಟು ಬರಲಿಲ್ಲ. ಮನೆಯವರು ಪರೀಕ್ಷೆ ಬರೆದರೆ ಆ ವರ್ಷ ಪೇಪರ್ ತಿದ್ದುವಂತಿಲ್ಲ ಎಂಬುದು ನಿಯಮ. ನಮ್ಮ ಪತ್ರಿಕೆಗಳು ಯಾವ ಊರಿಗೆ ಹೋದವೋ ಗೊತ್ತಿರಲಿಲ್ಲ. ಕೆಲಸವಿಲ್ಲದ ಕಾಕಾ ದಿನವಿಡೀ ನನ್ನ ಮೇಲೆ ರೇಗಿದರು. ನಾನೇನು ಕಡಿಮೆ, ನಾನೂ ರೇಗಿದೆ.

ಕಾಕು ಮಾತ್ರ ಮಧ್ಯಾಹ್ನ ರೊಟ್ಟಿ ಬಡಿಯುತ್ತ, ದೇವರ ಗೂಡಿನತ್ತ ನೋಡಿ ಗಟ್ಟಿಯಾಗಿ ಹೇಳುತ್ತಿದ್ದರು: "ನಮ್ಮ ಹುಡುಗಿ ಪೇಪರ್ ಯಾರ ಮನ್ಯಾಗ ಅದಾವೋ, ಆ ಮನಿಯಾಕಿ ಇಷ್ಟೊತ್ತಿಗೆ ಗಂಡಗ ಊಟಕ್ಕ ನೀಡಿರ್ಲಪ್ಪಾ!"