ಅಕ್ಕ ಬಂದರೆ ಕಾಲೆತ್ತುವವರು

ನನ್ನ ಅಕ್ಕ ದೆಹಲಿಯ ಒಂದು ಸರ್ಕಾರಿ ಕಚೇರಿಯಲ್ಲಿದ್ದಾಳೆ. ಗುಮಾಸ್ತೆಯಾಗಿ ಸೇರಿದವಳು ಈಗ ಒಂದು ಸೆಕ್ಷನ್ನಿಗೇ ಮೇಲಧಿಕಾರಿ. ಬೆಳಿಗ್ಗೆ ಅವಳು ಒಳಗೆ ಬಂದು ಮೇಜುಗಳ ನಡುವೆ ನಡೆದರೆ ಅಲ್ಲಿ ಕೂತವರು ಒಬ್ಬೊಬ್ಬರಾಗಿ ಕಾಲು ಮೇಲೆತ್ತುತ್ತಾರೆ. ಫೈಲಿನಿಂದ ಕಣ್ಣು ತೆಗೆಯುವುದಿಲ್ಲ, ಫೋನಿನಲ್ಲಿ ಆಡುವ ಮಾತು ನಿಲ್ಲಿಸುವುದಿಲ್ಲ. ಕಾಲು ಮಾತ್ರ ಮೇಲೇಳುತ್ತದೆ. ಅಕ್ಕ ದಾಟಿ ಹೋದ ಮೇಲೆ ಇಳಿಯುತ್ತದೆ. ಇದಕ್ಕೆ ಕಾರಣ ನಾನು. ಇದನ್ನು ಯಾರಿಗಾದರೂ ಹೇಳಿಕೊಳ್ಳದೆ ಇರಲಾರೆ.

ನಾನು ಓದಿದ್ದು ಏಳನೇ ಕ್ಲಾಸಿನವರೆಗೆ. ಅಕ್ಕ ಬಿ.ಎ. ಮುಗಿಸಿ, ಪರೀಕ್ಷೆ ಬರೆದು ದೆಹಲಿಗೆ ಬಂದಳು. ಎರಡು ವರ್ಷದ ನಂತರ, ಊರಿನಲ್ಲಿ ಸುಮ್ಮನೆ ತಿರುಗುತ್ತಿದ್ದ ನನ್ನನ್ನೂ ಕರೆಸಿಕೊಂಡಳು. ಅವಳು ಮದುವೆಯಾಗಲಿಲ್ಲ, ನನಗೆ ಯಾರೂ ಹೆಣ್ಣು ಕೊಡಲಿಲ್ಲ. ಮುನಿರ್ಕಾದ ಹತ್ತಿರ ಅವಳಿಗೆ ಸಿಕ್ಕ ಎರಡು ಕೋಣೆಯ ಕ್ವಾರ್ಟರ್ಸಿನಲ್ಲಿ ಇಬ್ಬರೂ ಇದ್ದೇವೆ. ನನ್ನ ಕೆಲಸ ಫರೀದಾಬಾದಿನಲ್ಲಿ, ಫಿನಾಯಿಲ್ ಮತ್ತು ನೆಲ ಒರೆಸುವ ನೀರು ಮಾಡುವ ಒಂದು ಸಣ್ಣ ಯೂನಿಟ್ಟಿನಲ್ಲಿ. ಡ್ರಮ್ಮಿಗೆ ಪರಿಮಳದ ಎಣ್ಣೆ ಕಲಸುವವನು ನಾನೇ. ಅದನ್ನು ನಾವು ಕಾಂಪೌಂಡ್ ಅನ್ನುತ್ತೇವೆ. ನಿಂಬೆಯದು ಹಳದಿ ಕ್ಯಾನಿಗೆ, ಗಂಧದ್ದು ನೀಲಿ ಕ್ಯಾನಿಗೆ, ಮಲ್ಲಿಗೆಯದು ಬಿಳಿ ಕ್ಯಾನಿಗೆ. ಬಿಳಿ ಕ್ಯಾನು ಹೆಚ್ಚಾಗಿ ಹೋಗುವುದು ಸರ್ಕಾರಿ ಕಚೇರಿಗಳಿಗೆ.

ಅಕ್ಕನಿಗೆ ಒಂದೇ ಒಂದು ಶೋಕಿ ಇತ್ತು. ಹಸಿರು ಮುಚ್ಚಳದ ಒಂದು ಸೆಂಟು. ಮೊದಲ ಸಂಬಳದಲ್ಲಿ ಕೊಂಡಿದ್ದು, ಆಮೇಲೆ ಬಿಡಲಿಲ್ಲ. ಆಗ ತಾನೇ ಇಸ್ತ್ರಿ ಮಾಡಿದ ಹತ್ತಿ ಸೀರೆಯ ಪಕ್ಕದಲ್ಲಿ ಯಾರೋ ಏಲಕ್ಕಿ ಬಿಡಿಸುತ್ತಿರುವ ಹಾಗೆ ಅದರ ವಾಸನೆ. ಅವಳು ಸ್ನಾನ ಮಾಡಿ, ಸೀರೆ ಉಟ್ಟು, ಎರಡು ಮಣಿಕಟ್ಟಿಗೂ ಒಂದೊಂದು ಸಲ ಹೊಡೆದುಕೊಂಡಳೆಂದರೆ ನಮ್ಮ ಮನೆಯಲ್ಲಿ ಒಂಬತ್ತು ಗಂಟೆ ಆಯಿತೆಂದು ಅರ್ಥ.

ಒಂದು ದಿನ ಅಂಗಡಿಯವನು, "ಮೇಡಂ ಜೀ, ಯೇ ತೋ ಬಂದ್ ಹೋ ಗಯಾ. ಕಂಪನಿನೇ ಮಾಡೋದು ನಿಲ್ಲಿಸಿದೆ" ಅಂದ. ಅಕ್ಕ ಮುಖ ಬಾಡಿಸಿಕೊಂಡು ಬಂದಳು. ಆ ವಾರವೆಲ್ಲ ಲಜಪತ್ ನಗರ, ಕರೋಲ್ ಬಾಗ್ ಸುತ್ತಿ, ಅಲ್ಲಿ ಇಲ್ಲಿ ಉಳಿದಿದ್ದ ಆರು ಬಾಟಲಿ ಕೂಡಿಸಿದಳು. ಕಬ್ಬಿಣದ ಬೀರುವಿನಲ್ಲಿ ರೇಷ್ಮೆ ಸೀರೆಯ ಕೆಳಗೆ ಅಡಗಿಸಿಟ್ಟಳು. "ಇದು ಮುಗಿಯೋದ್ರೊಳಗೆ ಬೇರೆ ಒಂದು ಹುಡುಕೋಣ ಕಣೋ" ಅಂದಳು.

ಅಷ್ಟರಲ್ಲಿ ಎಲ್ಲರಿಗೂ ಬಂದ ಜ್ವರ ಅವಳಿಗೂ ಬಂತು. ಜ್ವರ ಹೋಯಿತು. ಹೋಗುವಾಗ ಅವಳ ಮೂಗಿನ ವಾಸನೆಯನ್ನೂ ತೆಗೆದುಕೊಂಡು ಹೋಯಿತು. ಒಗ್ಗರಣೆ ಸೀದರೂ ತಿಳಿಯುತ್ತಿರಲಿಲ್ಲ. ಆದರೂ ಬೆಳಿಗ್ಗೆ ಮಣಿಕಟ್ಟಿಗೆ ಸೆಂಟು ಹೊಡೆದುಕೊಳ್ಳುವುದನ್ನು ಬಿಡಲಿಲ್ಲ. "ನನಗೆ ಬರದೇ ಇದ್ರೇನು? ನಾಕು ಜನರ ಮಧ್ಯೆ ಕೂರೋಳು" ಅಂದು ನನ್ನ ಮುಖದ ಮುಂದೆ ಕೈ ಚಾಚುತ್ತಿದ್ದಳು. "ಬಂತಾ?"

"ಬಂತು ಅಕ್ಕ."

"ಇನ್ನು ಮೇಲೆ ನಿನ್ನ ಮೂಗೇ ನನ್ನ ಮೂಗು."

ಇನ್ನು ನನ್ನ ವಿಷಯ. ಫಿನಾಯಿಲ್ ಕಲಸುವವನ ಮೈಯಿಂದ ಆ ವಾಸನೆ ಹೋಗುವುದಿಲ್ಲ. ಎಷ್ಟು ತಿಕ್ಕಿದರೂ ಹೋಗುವುದಿಲ್ಲ. ಸಂಜೆ ಫರೀದಾಬಾದಿನಿಂದ ಮೆಟ್ರೋದಲ್ಲಿ ಬರುವಾಗ ಕಾಲಿಡಲು ಜಾಗವಿಲ್ಲದ ಡಬ್ಬಿಯಲ್ಲೂ ನನ್ನ ಎರಡು ಪಕ್ಕ ಖಾಲಿ ಇರುತ್ತಿತ್ತು. ಒಂದು ಸಲ ಒಬ್ಬಳು ಪುಟ್ಟ ಹುಡುಗಿ ನನ್ನ ಕಡೆ ಕೈ ತೋರಿಸಿ, "ಮಮ್ಮಾ, ಅಂಕಲ್ ಟಾಯ್ಲೆಟ್ ಜೈಸೇ ಕ್ಯೂಂ ಹೈ?" ಅಂದಳು. ಅಂಕಲ್ ಯಾಕೆ ಟಾಯ್ಲೆಟ್ಟಿನ ಹಾಗಿದ್ದಾರೆ ಎಂದು. ತಾಯಿ ಅವಳ ಬಾಯಿ ಮುಚ್ಚಿದಳು. ಡಬ್ಬಿಯವರೆಲ್ಲ ಮೊಬೈಲಿನಲ್ಲಿ ಮುಖ ಹುದುಗಿಸಿದರು. ಕಾಲ್ಕಾಜಿಯಲ್ಲಿ ಇಳಿದು ಗಾಡಿ ಬದಲಾಯಿಸುವವರೆಗೂ ನಾನು ಉಸಿರು ಬಿಗಿಹಿಡಿದು ನಿಂತಿದ್ದೆ, ವಾಸನೆ ಬರುವುದು ನನ್ನ ಉಸಿರಿನಿಂದಲೇ ಎಂಬಂತೆ.

ಮಾರನೇ ದಿನ ಬೀರು ತೆಗೆದೆ. ಅವಳಿಗೆ ಹೇಗೂ ವಾಸನೆ ಬರುವುದಿಲ್ಲ, ಅವಳು ಹೊಡೆದುಕೊಂಡರೂ ಒಂದೇ ನಾನು ಹೊಡೆದುಕೊಂಡರೂ ಒಂದೇ ಎಂದು ನನ್ನ ಮನಸ್ಸು ವಾದ ಹೂಡಿತು. ಬೆಳಿಗ್ಗೆ ಕತ್ತಿನ ಹಿಂದೆ ಎರಡು ಸಲ. ಸಂಜೆಗೆ ಬೇಕಾಗುವಷ್ಟನ್ನು ಖಾಲಿ ಕಣ್ಣಿನ ಔಷಧಿಯ ಬಾಟಲಿಗೆ ತುಂಬಿಕೊಂಡು ಜೇಬಿನಲ್ಲಿಟ್ಟೆ. ಅವತ್ತು ಮೆಟ್ರೋದಲ್ಲಿ ಒಬ್ಬರು ಮುದುಕರು ನನ್ನ ಭುಜಕ್ಕೆ ತಲೆ ಕೊಟ್ಟು ನಿದ್ದೆ ಹೋದರು. ನಾನು ಅಲುಗಾಡದೆ ಕೂತೆ. ಇಳಿಯಬೇಕಾದ ಸ್ಟೇಷನ್ನು ದಾಟಿ ಹೋಯಿತು.

ಹೀಗಾಗಿ ಆರು ಬಾಟಲಿ ಅಕ್ಕನ ಲೆಕ್ಕಕ್ಕಿಂತ ಬೇಗ ಮುಗಿದವು. ಕೊನೆಯದು ಅರ್ಧಕ್ಕೆ ಬಂದಾಗ, "ಏನೋ ಇದು, ಗಾಳಿಗೆ ಹಾರಿ ಹೋಗುತ್ತಾ?" ಅಂದು ನನ್ನನ್ನು ಕರೆದುಕೊಂಡು ಹೊಸ ಸೆಂಟು ಹುಡುಕಲು ನೋಯ್ಡಾದ ಮಾಲಿಗೆ ಹೊರಟಳು.

ಅಲ್ಲಿ ಕಪ್ಪು ಕೋಟು ಹಾಕಿದ ಹುಡುಗಿ ಕಾಗದದ ಪಟ್ಟಿಗೆ ಒಂದೊಂದೇ ಸೆಂಟು ಹೊಡೆದು ಅಕ್ಕನಿಗೆ ಕೊಟ್ಟಳು. ಅಕ್ಕ ಅದನ್ನು ನನಗೆ ದಾಟಿಸಿದಳು. ಆ ಹುಡುಗಿ ಸ್ವಲ್ಪ ಹೊತ್ತು ಇಬ್ಬರನ್ನೂ ನೋಡಿ ಆಮೇಲೆ ನನಗೇ ಕೊಡತೊಡಗಿದಳು.

"ಹೇಗಿದೆಯೋ?"

"ಇದು ನಮ್ಮ ನೀಲಿ ಕ್ಯಾನು, ಅಕ್ಕ. ಆಸ್ಪತ್ರೆಗೆ ಹೋಗುತ್ತಲ್ಲ, ಅದು."

"ಇದು?"

"ಹಳದಿ. ಮದುವೆ ಮಂಟಪದ ಶೌಚಾಲಯಕ್ಕೆ."

"ಸರ್, ಯೇ ತೋ ಪ್ಯಾರಿಸ್ ಕಾ ಹೈ" ಎಂದಳು ಹುಡುಗಿ. ಅವಳ ಮುಖ ಸಣ್ಣದಾಗಿತ್ತು. ಮೂಗು ತಿಳಿಯಾಗಲೆಂದು ಒಂದು ಗಾಜಿನ ಲೋಟದಲ್ಲಿ ಕಾಫಿ ಬೀಜ ತಂದುಕೊಟ್ಟಳು. ನಾನು ಸುಳ್ಳು ಹೇಳುತ್ತಿರಲಿಲ್ಲ. ದೊಡ್ಡ ಸೆಂಟುಗಳನ್ನು ನೋಡಿಯೇ ನಮ್ಮ ಕಾಂಪೌಂಡಿನವರು ಅಗ್ಗದ್ದು ಮಾಡುತ್ತಾರೆ. ಹತ್ತೊಂಬತ್ತು ವರ್ಷ ಅಗ್ಗದ್ದನ್ನು ಕಲಸಿದ ಮೂಗಿಗೆ ಅಸಲಿಯೂ ನೆಲ ಒರೆಸಿದ ಹಾಗೇ ಬಡಿಯುತ್ತದೆ. ಇಪ್ಪತ್ತೆರಡು ಪಟ್ಟಿ ಮೂಸಿ ಇಪ್ಪತ್ತೆರಡನ್ನೂ ಬೇಡವೆಂದೆ. ಅಕ್ಕನಿಗೆ ನನ್ನ ಮೇಲೆ ಹೆಮ್ಮೆ ಬಂತು. "ನೋಡಮ್ಮಾ, ನಮ್ಮ ತಮ್ಮ ಈ ಲೈನಿನಲ್ಲೇ ಇರೋನು" ಎಂದು ಆ ಹುಡುಗಿಗೆ ಕನ್ನಡದಲ್ಲೇ ಹೇಳಿದಳು.

ತಿಂಗಳೊಳಗೆ ಕೊನೆಯ ಬಾಟಲಿಯ ತಳ ಕಂಡಿತು. ಹೇಳಿಬಿಡಬಹುದಿತ್ತು. ಹೇಳಲಿಲ್ಲ. ಉಳಿದದ್ದನ್ನೆಲ್ಲ ನನ್ನ ಕಣ್ಣೌಷಧಿ ಬಾಟಲಿಗೆ ಬಸಿದುಕೊಂಡೆ. ಯೂನಿಟ್ಟಿನಲ್ಲಿ ಮಲ್ಲಿಗೆ ಕಾಂಪೌಂಡಿಗೆ ಸ್ಪಿರಿಟ್ಟು ಬೆರೆಸಿ ಹಸಿರು ಮುಚ್ಚಳದ ಬಾಟಲಿಯ ತುಂಬ ತಂದೆ. "ಅಕ್ಕ, ಫರೀದಾಬಾದಿನ ಒಂದು ಅಂಗಡಿಯಲ್ಲಿ ಇನ್ನೊಂದು ಸಿಕ್ಕಿತು!" ಅಂದೆ. ಅವಳು ಬಾಟಲಿಯನ್ನು ಎರಡೂ ಕಣ್ಣಿಗೆ ಒತ್ತಿಕೊಂಡಳು. ಮಣಿಕಟ್ಟಿಗೆ ಹೊಡೆದುಕೊಂಡು ಕೈ ಚಾಚಿದಳು. "ಅದೇನಾ?"

"ಅದೇ ಅಕ್ಕ."

ಅಂದಿನಿಂದ ನಾನು ಅಕ್ಕನ ವಾಸನೆಯಲ್ಲಿ ಫಿನಾಯಿಲ್ ಯೂನಿಟ್ಟಿಗೂ, ಅಕ್ಕ ಫಿನಾಯಿಲ್ ವಾಸನೆಯಲ್ಲಿ ಕಚೇರಿಗೂ ಹೋಗತೊಡಗಿದೆವು.

ಆ ಹೊತ್ತಿಗೇ ಅವಳಿಗೆ ಬಡ್ತಿ ಸಿಕ್ಕಿತ್ತು. ಎರಡು ವಾರ ಕಳೆದಿರಬೇಕು, ಒಂದು ಸಂಜೆ ಚಹಾ ಕುಡಿಯುತ್ತಾ ಹೇಳಿದಳು. "ಉತ್ತರದ ಕಡೆಯವರಿಗೆ ಮರ್ಯಾದೆ ಗೊತ್ತಿಲ್ಲ ಅಂತಿದ್ದೆ, ತಪ್ಪು ಕಣೋ. ನಾನು ಹತ್ತಿರ ಹೋದ್ರೆ ಸಾಕು, ಕಾಲು ಮುದುರಿ ಮೇಲೆತ್ಕೊಂಡು ಕೂರ್ತಾರೆ. ದೊಡ್ಡವರ ಮುಂದೆ ಕಾಲು ಚಾಚಬಾರದು ಅಂತ ಅಪ್ಪ ನಮಗೆ ಹೊಡೆದು ಕಲಿಸಿದ್ರಲ್ಲ, ಇವರಿಗೆ ಯಾರೂ ಹೇಳಿಕೊಡದೆ ಬಂದಿದೆ."

ನನಗೆ ಆಗ ಏನೂ ಹೊಳೆಯಲಿಲ್ಲ. ಸಂತೋಷವೇ ಆಯಿತು. ಒಂದು ಶುಕ್ರವಾರ ಅವಳು ಕನ್ನಡಕ ಮರೆತು ಹೋದಳು. ನನಗೆ ರಜೆ, ಕೊಡಲು ಹೋದೆ. ಸೆಕ್ಷನ್ನಿನ ಬಾಗಿಲಲ್ಲಿ ನಿಂತಿದ್ದಾಗ ಅಕ್ಕ ಒಳಗಿನಿಂದ ನನ್ನ ಕಡೆ ನಡೆದು ಬಂದಳು. ಎಡಗಡೆ ಕಾಲುಗಳು ಎದ್ದವು, ಬಲಗಡೆ ಕಾಲುಗಳು ಎದ್ದವು. ಗೋಡೆಯ ಪಕ್ಕ ಹೋಗುತ್ತಿದ್ದ ಒಬ್ಬ ದಪ್ಪ ಮನುಷ್ಯ ಹಿಮ್ಮಡಿಯ ಮೇಲೆ ಹುಷಾರಾಗಿ ಹೆಜ್ಜೆಯಿಟ್ಟ. ಕನ್ನಡಕ ತೆಗೆದುಕೊಂಡ ಅಕ್ಕ ನನ್ನ ಕಿವಿಯಲ್ಲಿ, "ನೋಡಿದ್ಯಾ?" ಅಂದು ಅದೇ ದಾರಿಯಲ್ಲಿ ತಿರುಗಿ ಹೋದಳು. ಇಳಿದಿದ್ದ ಕಾಲುಗಳು ಮತ್ತೆ ಎದ್ದವು.

ನಾನು ಅವಳ ಹಿಂದೆ ಒಂದು ಹೆಜ್ಜೆ ಇಟ್ಟಿರಬೇಕು. ಬಾಗಿಲ ಬಳಿಯ ಸ್ಟೂಲಿನಲ್ಲಿದ್ದ ಜವಾನ ನನ್ನ ಕೈ ಹಿಡಿದ. "ಭಯ್ಯಾ, ಸಂಭಲ್ ಕೇ. ಪೋಂಛಾ ಲಗಾ ಹೈ." ಹುಷಾರು, ಈಗಷ್ಟೇ ನೆಲ ಒರೆಸಿದ್ದಾರೆ ಎಂದು. ನಾನು ಬಗ್ಗಿ ನೆಲ ಮುಟ್ಟಿದೆ. ಅವನೂ ಮುಟ್ಟಿದ. ಪೂರ್ತಿ ಒಣಗಿತ್ತು. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿದೆವು. ಅವನ ಸ್ಟೂಲಿನ ಹಿಂದೆ ನಮ್ಮ ಬಿಳಿ ಕ್ಯಾನು ಇತ್ತು.

ಆಗಲೂ ಹೇಳಲಿಲ್ಲ. ಹೇಳಿದರೆ ಕದ್ದದ್ದು ಹೊರಬೀಳುವುದು ಮಾತ್ರವಲ್ಲ, ಆ ಕಾಲುಗಳೂ ಕೆಳಗಿಳಿಯುತ್ತಿದ್ದವು.

ನಾಗರ ಪಂಚಮಿ ಬಂತು. ನಮ್ಮ ಕಡೆ ಅವತ್ತು ಅಕ್ಕತಂಗಿಯರು ಹೂವನ್ನು ಹಾಲಿಗೆ ಅದ್ದಿ ಒಡಹುಟ್ಟಿದವರ ಬೆನ್ನಿಗೆ ಹಚ್ಚುತ್ತಾರೆ. ಊರಿನಲ್ಲಾದರೆ ಕೇದಗೆ, ದೆಹಲಿಯಲ್ಲಿ ಚೆಂಡುಹೂವು. ನಾನು ಸ್ನಾನ ಮುಗಿಸಿ, ಅಭ್ಯಾಸ ಬಲದಿಂದ ಕತ್ತಿನ ಹಿಂದೆ ಎರಡು ಹನಿ ಹಾಕಿಕೊಂಡು, ಬರಿಮೈಯಲ್ಲಿ ಮಣೆಯ ಮೇಲೆ ಕೂತೆ. ಅಕ್ಕ ಹಿಂದೆ ಬಗ್ಗಿದಳು. ತಣ್ಣನೆಯ ಹಾಲು ಬೆನ್ನಿಗೆ ತಾಗಿತು. ಕೈ ಅಲ್ಲೇ ನಿಂತಿತು.

"ಲೋ, ನನ್ನ ಸೆಂಟಿನ ವಾಸನೆ ಬರ್ತಿದೆ!"

ಹೂವು ನನ್ನ ಬೆನ್ನಿನ ಮೇಲಿಂದ ಜಾರಿ ಬಿತ್ತು. "ಮೂಗು ಬಂತು ಕಣೋ! ಮೂಗು ಬಂತು!" ಅಕ್ಕ ಅಳುತ್ತಾ ನಗುತ್ತಾ ತನ್ನ ಮಣಿಕಟ್ಟನ್ನು ಮೂಗಿಗೆ ಹಿಡಿದಳು. ನಗು ನಿಂತಿತು. ಇನ್ನೊಂದು ಕೈ ಹಿಡಿದಳು. "ಇದೇನೋ ಇದು, ನನ್ನ ಕೈ ಆಫೀಸಿನ ಬಚ್ಚಲ ಹಾಗೆ ನಾರ್ತಿದೆ?"

ಬೆನ್ನಿನಿಂದ ಹಾಲು ಇಳಿದು ಪಂಚೆ ನೆನೆಯುತ್ತಿತ್ತು. ನಾನು ತಿರುಗದೆ ಹೇಳಿದೆ. "ಮೂಗು ಇನ್ನೂ ಪೂರ್ತಿ ಸರಿ ಹೋಗಿಲ್ಲ ಅಕ್ಕ. ಕೆಲವರಿಗೆ ವಾಸನೆ ತಿರುಗಾಮುರುಗಾ ಬರುತ್ತಂತೆ."

ಕದ್ದದ್ದಕ್ಕಿಂತ ಈ ಮಾತು ದೊಡ್ಡ ತಪ್ಪು. ಅಕ್ಕ ನಂಬಿದಳು. ಡಾಕ್ಟರ ಹತ್ತಿರ ಹೋಗಿ, "ನನ್ನ ಕೈಯಿಂದಲೇ ಮಲ್ಲಿಗೆ ಫಿನಾಯಿಲ್ ವಾಸನೆ ಬರುತ್ತೆ" ಅಂದಳು. ಅವರು ಹೌದು, ಹಾಗಾಗುತ್ತದೆ ಎಂದು ತಲೆಯಾಡಿಸಿ, ದಿನಾ ನಾಲ್ಕು ವಾಸನೆ ಮೂಸಿ ಮೂಗನ್ನು ಪಳಗಿಸಲು ಹೇಳಿದರು. ಬೆಳಿಗ್ಗೆ ಲವಂಗ, ನಿಂಬೆ, ಇಂಗು, ಕಾಫಿಪುಡಿ ನಾಲ್ಕು ಬಟ್ಟಲಲ್ಲಿಟ್ಟು ಕಣ್ಣು ಮುಚ್ಚಿ ಕೂರುತ್ತಿದ್ದಳು. ನಾಲ್ಕನ್ನೂ ಸರಿಯಾಗಿ ಹೇಳುತ್ತಿದ್ದಳು. ಹೇಳಿ, ಕಣ್ಣು ತೆರೆದು ನನ್ನ ಮುಖ ನೋಡುತ್ತಿದ್ದಳು. "ಇದು ಲವಂಗವೇ ಅಲ್ವೇನೋ? ಇಲ್ಲ, ನನಗೆ ಹಾಗನ್ನಿಸ್ತಿದೆಯೋ?" ಆಮೇಲೆ ಎದ್ದು ಆ ಮಲ್ಲಿಗೆಯನ್ನೇ ಮಣಿಕಟ್ಟಿಗೆ ಹೊಡೆದುಕೊಂಡು, ಮುಖ ಆ ಕಡೆ ತಿರುಗಿಸಿಕೊಂಡು ಕಚೇರಿಗೆ ಹೋಗುತ್ತಿದ್ದಳು. ತನ್ನ ಮೂಗಿಗಿಂತ ನನ್ನ ಮಾತಿನ ಮೇಲೆ ಅವಳಿಗೆ ಹೆಚ್ಚು ನಂಬಿಕೆ.

ಒಂದು ಭಾನುವಾರ ಬೆಳಿಗ್ಗೆ ನಾನು ಹಲ್ಲುಜ್ಜುತ್ತಿದ್ದೆ. ಅಡುಗೆಮನೆಯಿಂದ ಅಕ್ಕ ಕೂಗಿದಳು. "ಲೋ, ಬಾರೋ ಇಲ್ಲಿ. ಗ್ಯಾಸ್ ವಾಸನೆ ಬರ್ತಿದೆಯಾ, ನನಗೆ ಮಾತ್ರ ಹಾಗನ್ನಿಸ್ತಿದೆಯಾ?"

ಓಡಿದೆ. ಕೋಣೆಯೆಲ್ಲ ಗ್ಯಾಸು. ಯಾವುದೋ ಹೊತ್ತಿನಲ್ಲಿ ಒಲೆಯ ತಿರುಪು ಅರ್ಧ ತೆರೆದುಕೊಂಡಿತ್ತು. ಅವಳು ಲೈಟರ್ ಹಿಡಿದು, ಬೆರಳನ್ನು ಅದರ ಮೇಲಿಟ್ಟು, ನನ್ನ ಉತ್ತರಕ್ಕೆ ಕಾಯುತ್ತಾ ನಿಂತಿದ್ದಳು.

ಲೈಟರ್ ಕಿತ್ತುಕೊಂಡೆ. ತಿರುಪು ಮುಚ್ಚಿದೆ. ಕಿಟಕಿ, ಬಾಗಿಲು ಎಲ್ಲ ತೆಗೆದು ಅವಳನ್ನು ಹೊರಗೆ ಮೆಟ್ಟಿಲ ಮೇಲೆ ಕೂರಿಸಿ, ಬಾಯಲ್ಲಿ ಪೇಸ್ಟಿನ ನೊರೆ ಇಟ್ಟುಕೊಂಡೇ ಎಲ್ಲ ಹೇಳಿದೆ. ಬೀರು, ಕಣ್ಣೌಷಧಿ ಬಾಟಲಿ, ಬಿಳಿ ಕ್ಯಾನು, ಪಂಚಮಿಯ ದಿನದ ಮಾತು. ಮೆಟ್ರೋದ ಹುಡುಗಿಯ ವಿಷಯವನ್ನೂ ಹೇಳಿದೆ, ಅದೇನೂ ಕ್ಷಮೆಗೆ ಕಾರಣವಲ್ಲದಿದ್ದರೂ.

ಅಕ್ಕ ಒಂದೇ ಪ್ರಶ್ನೆ ಕೇಳಿದಳು. "ಹಾಗಾದ್ರೆ ನನ್ನ ಮೂಗು ಸರಿ ಇದೆ?"

"ಸರಿ ಇದೆ ಅಕ್ಕ. ಪಂಚಮಿಯಿಂದಲೂ ಸರಿ ಇದೆ."

ಅವಳು ಎದ್ದು ಒಳಗೆ ಹೋದಳು. ಗ್ಯಾಸು ಹೋಗಿದೆಯೆಂದು ತಾನೇ ಮೂಸಿ ತೀರ್ಮಾನಿಸಿದಳು. ಮೆಣಸಿನಪುಡಿ ಡಬ್ಬ ಮೂಸಿ ಸೀನಿದಳು. ದಿಂಬು ಮೂಸಿದಳು, ಹಳೆಯ ಪೇಪರ್ ಕಟ್ಟು ಮೂಸಿದಳು, ಕಸದ ಬುಟ್ಟಿಯ ಮುಂದೆ ಕುಕ್ಕರುಗಾಲಲ್ಲಿ ಕೂತು ಉದ್ದಕ್ಕೆ ಉಸಿರೆಳೆದು, "ನಿನ್ನೆಯ ಮೂಲಂಗಿ" ಅಂದಳು. ಕೊನೆಗೆ ನನ್ನ ಹತ್ತಿರ ಬಂದಳು. ನಾನು ಅವತ್ತು ಏನೂ ಹಾಕಿಕೊಂಡಿರಲಿಲ್ಲ. ನನ್ನ ತೋಳು ಮೂಸಿ, "ಥೂ ಕಳ್ಳ, ನಾರ್ತೀಯ ಕಣೋ. ಇಷ್ಟು ವರ್ಷ ಹೇಳಬಾರದು ಅಂತ ಸುಮ್ಮನಿದ್ದೆ" ಅಂದಳು. ಜೇಬಿಗೆ ಕೈ ಹಾಕಿ ಕಣ್ಣೌಷಧಿ ಬಾಟಲಿ ಕಿತ್ತುಕೊಂಡಳು. ಅದರಲ್ಲಿ ಐದಾರು ಹನಿ ಉಳಿದಿತ್ತು. ಬೀರುವಿನಲ್ಲಿಟ್ಟು ಬೀಗ ಹಾಕಿದಳು.

ಕಾಲಿನ ವಿಷಯ ಅವಳೂ ಕೇಳಲಿಲ್ಲ, ನಾನೂ ಎತ್ತಲಿಲ್ಲ. ಸೋಮವಾರ ಏನನ್ನೂ ಹಚ್ಚಿಕೊಳ್ಳದೆ ಕಚೇರಿಗೆ ಹೋದಳು. ಸಂಜೆ ಬಂದು ಚೀಲವನ್ನು ಮಂಚದ ಮೇಲೆ ಎಸೆದಳು.

"ಒಬ್ಬನೂ ಎತ್ತಲಿಲ್ಲ" ಅಂದಳು. "ಒಬ್ಬನ ಕಾಲು ಎಡವಿ ಬೀಳ್ತಿದ್ದೆ. ಆ ದಪ್ಪ ಮನುಷ್ಯ ಇದಾನಲ್ಲ, ಅವನು."

ನನಗೆ ನೆಲ ಬಾಯಿಬಿಡಬಾರದೇ ಅನ್ನಿಸಿತು. "ಅಕ್ಕ, ಇನ್ನೊಂದು ಸಲ ಮಾಲಿಗೆ ಹೋಗೋಣ. ಈ ಸಲ ನೀನೇ ಮೂಸಬಹುದು" ಅಂದೆ.

ಮಂಗಳವಾರ ಬೆಳಿಗ್ಗೆ ಸೀರೆ ಉಟ್ಟು ಕನ್ನಡಿಯ ಮುಂದೆ ನಿಂತವಳು ಹಸಿರು ಮುಚ್ಚಳದ ಬಾಟಲಿಯನ್ನು ಕೈಗೆ ತೆಗೆದುಕೊಂಡಳು. ಮೂಗಿನ ಹತ್ತಿರ ಹಿಡಿದು ಮುಖ ಸಿಂಡರಿಸಿದಳು. ಉಸಿರು ಬಿಗಿಹಿಡಿದು ಎರಡು ಮಣಿಕಟ್ಟಿಗೂ ಹೊಡೆದುಕೊಂಡಳು. ಸ್ವಲ್ಪ ಯೋಚಿಸಿ ಸೆರಗಿಗೂ ಹೊಡೆದುಕೊಂಡಳು.

"ಇದೇ ಇರಲಿ" ಅಂದಳು. "ನಿಮ್ಮ ಮಾಲೀಕನಿಗೆ ಹೇಳು, ಮಲ್ಲಿಗೆ ಮಾತ್ರ ನಿಲ್ಲಿಸಬೇಡ ಅಂತ."

ಚಪ್ಪಲಿ ಹಾಕಿಕೊಳ್ಳಲು ಬಾಗಿಲ ಕಡೆ ಹೊರಟಳು. ನಾನು ಅವಳ ದಾರಿಯಲ್ಲೇ ಮಂಚದ ಮೇಲೆ ಕೂತಿದ್ದೆ. ನೆಲ ಒಣಗಿತ್ತು. ಕಾಲು ಮೇಲೆತ್ತಿದೆ.