ರೆಕ್ಕೆಯ ನರ ಕಾಣದ ಫೋಟೊಗಳು

ನನ್ನ ತಂಗಿಯ ಗಂಡ ಕಾಲೇಜಿನ ಪ್ರಾಣಿಶಾಸ್ತ್ರ ಪ್ರಯೋಗಾಲಯದಲ್ಲಿ ಅಟೆಂಡರ್ ಆಗಿದ್ದವರು. ತಂಗಿ ತೀರಿಕೊಂಡ ಮೇಲೆ ಒಬ್ಬರೇ. ಜನ ಮೊಬೈಲಿನಲ್ಲಿ ತೆಗೆದು ಕಳಿಸುವ ನೊಣಗಳ ಫೋಟೊ ನೋಡಿ, ಇದು ಇಂಥ ನೊಣ ಎಂದು ಹೇಳುವುದೇ ಅವರ ದಿನಚರಿ. ಗುರುತು ಹಿಡಿಯಲು ಬೇಕಾದ ರೆಕ್ಕೆಯ ನರ ಕಾಣಿಸದಿದ್ದರೆ "ಹೇಳಲಾಗದು" ಎಂದು ಬರೆದುಬಿಡುವರು. ಹಾಗೆ ಬರೆದು ಬರೆದು ಕೇಳುವವರೇ ಕಡಿಮೆಯಾಗಿ, ಕೊನೆಗೆ ಬಟ್ಟೆ ಹೊಲಿಯುವ ಹೆಂಗಸೊಬ್ಬಳು ಮಾತ್ರ ಉಳಿದಳು. ದಿನಾ ಬೆಳಿಗ್ಗೆ ಹೊಲಿಗೆ ಯಂತ್ರದ ಮೇಲೆ ಕೂತ ನೊಣದ ಫೋಟೊ ಕಳಿಸಿ, "ಅಣ್ಣಾ, ಇವತ್ತಿನ ಗಿರಾಕಿ ಯಾರು?" ಎಂದು ಕೇಳುವಳು.

ಒಂದು ದಿನ ನಾನು ಹೋದಾಗ ಮುಖ ಸಪ್ಪಗೆ ಮಾಡಿಕೊಂಡು ಕೂತಿದ್ದರು.

"ಏನಾಯ್ತು?"

"ಈ ಹೊಲಿಗೆಯವಳು ಕಳಿಸೋ ಫೋಟೊದಲ್ಲಿ ಯಾವತ್ತೂ ನರ ಕಾಣ್ತಿರಲಿಲ್ಲ ಅತ್ತಿಗೆ. ಹೇಳೋಕಾಗಲ್ಲ ಅಂದ್ರೆ ಇವಳೂ ಬಿಟ್ಟುಬಿಡ್ತಾಳೆ ಅಂತ ಅಂದಾಜಿನ ಮೇಲೆ ಒಂದೊಂದು ಹೆಸರು ಹೇಳ್ತಾ ಬಂದೆ. ನಿನ್ನೆ ಇಂಥದೇ ನೊಣಾನ ಮನೆನೊಣ ಅಂದಿದ್ದೆ. ಇವತ್ತಿನ ಫೋಟೊದಲ್ಲಿ ರೆಕ್ಕೆ ಬೆಳಕಿಗೆ ಸಿಕ್ಕಿದೆ. ಮನೆನೊಣಕ್ಕೆ ಈ ನರ ಬಾಗಿರಬೇಕು, ಇದು ನೆಟ್ಟಗಿದೆ."

"ನೊಣ ಬಂದು ನಿಮ್ಮ ಹತ್ರ ಜಗಳ ಆಡುತ್ತಾ? ಸುಮ್ನಿದ್ದುಬಿಡಿ."

"ಅವಳು ಒಂದೊಂದು ಫೋಟೊದ ಕೆಳಗೂ ನಾನು ಹೇಳಿದ ಹೆಸರು ಬರೆದು ಅಂಗಡಿ ಗೋಡೆಗೆ ಅಂಟಿಸಿದಾಳೆ, ಅತ್ತಿಗೆ."

ಅಂದೇ ಅವಳಿಗೆ ನಿಜ ಬರೆದರು: ಇದುವರೆಗೆ ಹೇಳಿದ್ದೆಲ್ಲ ಊಹೆ, ಆ ಹೆಸರುಗಳನ್ನು ಹೊಡೆದುಹಾಕಿ. ಮಾರನೆಯ ದಿನ "ಆಯ್ತು ಅಣ್ಣಾ" ಎಂದಷ್ಟೇ ಉತ್ತರ ಬಂತು. ಆಮೇಲೆ ಅವಳಿಂದ ಫೋಟೊ ಬರಲಿಲ್ಲ.

ಮೊದಮೊದಲು ಹೋದಾಗಲೆಲ್ಲ "ಬಂತಾ?" ಎಂದು ಕೇಳುತ್ತಿದ್ದೆ. ಈಗ ಕೇಳುವುದಿಲ್ಲ. ಸಂಜೆಯವರೆಗೆ ಅವರ ಜೊತೆ ಕೂತಿದ್ದು ಬರುತ್ತೇನೆ.