ಬೆರಳ ಗೆಣ್ಣುಗಳಲ್ಲಿ ಇದ್ದವರು

ಈ ಬರಹದಲ್ಲಿ ಯಾರ ಹೆಸರನ್ನೂ ಬರೆಯುವುದಿಲ್ಲ. ನಮ್ಮ ಮನೆಯಲ್ಲಿ ಹಿರಿಯರ ಹೆಸರನ್ನು ಬರೆಯುವ ಹಾಗಿಲ್ಲ. ತಾಯಿಯ ಬಾಯಿಂದ ಹಿರಿಮಗಳ ಕಿವಿಗೆ ಮಾತ್ರ, ಎದುರುಬದುರು ಕೂತು, ಒಂದೊಂದನ್ನೂ ಮೂರು ಸಲ ಹೇಳಿಸಿ ದಾಟಿಸಬೇಕು. ಮಹಾನವಮಿಯ ದಿನ ಅಡಿಗೆಮನೆಯ ಮೂಲೆಯಲ್ಲಿ ಹಿರಿಯರ ಹೆಸರಿನ ತೆಂಗಿನಕಾಯಿ ಇಟ್ಟು, ಎಲೆ ಬಡಿಸಿ, ಹೆಸರು ಗೊತ್ತಿರುವವಳು ಬೇರೆಯವರಿಗೆ ತಿಳಿಯದಂತೆ ಪಿಸುದನಿಯಲ್ಲಿ ಕರೆಯಬೇಕು. ಕರೆಸಿಕೊಂಡವರು ಒಳಗೆ ಬಂದು ಉಣ್ಣುತ್ತಾರೆ. ಕರೆ ಸಿಗದವರು ಕಾಡಿನಲ್ಲೇ ನಿಂತಿರುತ್ತಾರೆ. ಬೇರೆ ಸಿದ್ದಿಗಳ ಮನೆಯಲ್ಲಿ ಹೀಗಿದೆಯೋ ಇಲ್ಲವೋ ನನಗೆ ಗೊತ್ತಿಲ್ಲ. ಕೇಳಿದರೂ ಅವರು ತಮ್ಮದನ್ನು ನನಗೇಕೆ ಹೇಳುತ್ತಾರೆ?

ನಾವು ಯಲ್ಲಾಪುರದ ಕಡೆಯ ಸಿದ್ದಿಗಳು. ಆಫ್ರಿಕಾದಿಂದ ಹಡಗಿನಲ್ಲಿ ತಂದು ಗೋವೆಯ ಪರಂಗಿಯವರ ಮನೆಗಳಲ್ಲಿ ಗುಲಾಮರಾಗಿ ಇಟ್ಟುಕೊಂಡಿದ್ದವರು ತಪ್ಪಿಸಿಕೊಂಡು ಓಡಿ, ಘಟ್ಟದ ಕಾಡು ಸೇರಿದರು. ಹಿಡಿಯಲು ಬಂದವರು ಹೆಸರು ಕೂಗಿ ಹುಡುಕುತ್ತಿದ್ದರಂತೆ. ಅದಕ್ಕೇ ನಮ್ಮಲ್ಲಿ ಒಬ್ಬೊಬ್ಬರಿಗೂ ಎರಡು ಹೆಸರು. ಬರೆದುಕೊಳ್ಳುವವರಿಗೆ ಒಂದು, ಕಾಯಿಯ ಮುಂದೆ ಇನ್ನೊಂದು. ಧಣಿ, ಪಾದ್ರಿ, ಮಾಸ್ತರು, ರೇಶನ್ ಅಂಗಡಿಯವನು ಎಲ್ಲರ ಪುಸ್ತಕದಲ್ಲಿರುವುದೂ ಮೊದಲನೆಯದು. ಇದನ್ನು ಹೇಳಿದ್ದು ಆಯಿ, ನನ್ನ ತಾಯಿ. ಹೇಳಿದ್ದಳೆಂದು ನನಗೆ ನೆನಪು. ಹೇಳಿದ್ದು, ಹೇಳಿದ್ದಳೆಂದು ನೆನಪಿರುವುದು ಎರಡೂ ಒಂದೇ ಎಂದು ನಾನು ಬಹಳ ಕಾಲ ನಂಬಿದ್ದೆ.

ನಾನು ಸಣ್ಣವಳಿದ್ದಾಗ ನಮ್ಮ ಕೇರಿಗೆ ಒಬ್ಬರು ಟೇಪ್ ರೆಕಾರ್ಡರ್ ಹಿಡಿದು ಬಂದಿದ್ದರು. ಪುಸ್ತಕ ಬರೆಯುವವರು. ಒಳ್ಳೆಯವರೇ, ನಮಗೆಲ್ಲ ಬಿಸ್ಕೀಟು ತಂದಿದ್ದರು. ನಿಮ್ಮ ಹಿರಿಯರ ಹೆಸರು ಹೇಳಿ ಎಂದರು. ಆಯಿ ಸೆರಗು ಸರಿಮಾಡಿಕೊಂಡು, ದನಿ ತಗ್ಗಿಸಿ, ಒಂದೊಂದೇ ಹೆಸರು ಹೇಳಿದಳು. ಅವರು ಕಣ್ಣು ಮುಚ್ಚಿ ಕೇಳಿದರು. ಅವರ ಜೀಪು ತಿರುವು ದಾಟಿದ್ದೇ ತಡ, ಆಯಿ ಮತ್ತು ಅವಳ ತಂಗಿ, ನನ್ನ ಮಾವಶಿ, ಇಬ್ಬರೂ ನೆಲಕ್ಕೆ ಕೂತು ನಕ್ಕರು.

"ನಮ್ಮ ಕೋಳಿಗೂಡು ಪೂರ್ತಿ ಪುಸ್ತಕಕ್ಕೆ ಹೋಯ್ತಲ್ಲೇ ಅಕ್ಕಾ!" ಎಂದಳು ಮಾವಶಿ.

"ಹುಂಜ ಒಂದು ಬಿಟ್ಟುಹೋಯ್ತು, ಪಾಪ," ಎಂದಳು ಆಯಿ.

ಅವರು ಮಾತಾಡಿದ್ದು ನಮ್ಮ ಸಿದ್ದಿ ಕೊಂಕಣಿಯಲ್ಲಿ. ನಾನು ಕನ್ನಡ ಮಾಡಿ ಬರೆಯುತ್ತಿದ್ದೇನೆ. ಅಲ್ಲಿಗೆ ಆ ನಗುವಿನಲ್ಲೂ ಒಂದಿಷ್ಟು ಕಳೆಯಿತು.

ಈಗ ನಾನಿರುವುದು ಮಸ್ಕತ್ತಿನಲ್ಲಿ. ಅಲ್ ಅಜೈಬಾದ ಒಂದು ಕ್ಲಿನಿಕ್ಕಿನಲ್ಲಿ ರಿಸೆಪ್ಶನ್ ಕೆಲಸ, ಅಲ್ ಮಬೇಲಾದಲ್ಲಿ ಬಾಡಿಗೆ ಮನೆ. ಊರಿನ ಬಸ್ಸಿನಲ್ಲಿ ಜನ ತಿರುತಿರುಗಿ ನೋಡುವ ಈ ಮುಖ, ಈ ಕೂದಲು ಇಲ್ಲಿ ಯಾರಿಗೂ ವಿಶೇಷವಲ್ಲ. ಎಲ್ಲರೂ ನನ್ನೊಡನೆ ಅರಬ್ಬಿಯಲ್ಲೇ ಮಾತು ತೆಗೆಯುತ್ತಾರೆ. ಕೆಲಸದ ಮೊದಲ ದಿನ ಉಡುಪಿ ಕಡೆಯ ನರ್ಸ್ ಒಬ್ಬರು, "ಕನ್ನಡ ಎಷ್ಟು ಚಂದ ಮಾತಾಡ್ತೀರಿ ಮಾರ್ರೆ, ಎಲ್ಲಿ ಕಲ್ತದ್ದು?" ಎಂದು ಕೇಳಿದ್ದರು. "ಹೊಟ್ಟೆಯಲ್ಲಿ," ಎಂದೆ. ಆಮೇಲೆ ಇಬ್ಬರೂ ಒಟ್ಟಿಗೆ ಚಹಾ ಕುಡಿದೆವು.

ಕಳೆದ ಚಳಿಗಾಲದಲ್ಲಿ ಆಯಿಯನ್ನು ವಿಸಿಟ್ ವೀಸಾದಲ್ಲಿ ಕರೆಸಿಕೊಂಡೆ. ಅವಳು ಮಗಳ ಮನೆ ನೋಡಲು ಬಂದಿದ್ದಾಳೆ ಎಂದುಕೊಂಡಿದ್ದೆ. ಬಂದ ದಿನವೇ ಅವಳು, "ಹೆಸರು ಕೊಡಲಿಕ್ಕೆ ಬಂದದ್ದು. ಆಮೇಲೆ ಸಮಯ ಸಿಗೂದಿಲ್ಲ," ಎಂದಳು. "ಮೊದಲು ಊರು ನೋಡು ಆಯಿ," ಎಂದೆ.

ಹಳೆಯ ಬಂದರು ಮತ್ರಾಹಕ್ಕೆ ಕರೆದೊಯ್ದೆ. ಟ್ಯಾಕ್ಸಿಯಿಂದ ಗುಡ್ಡದ ಮೇಲಿನ ಕೋಟೆ ನೋಡಿ, ಯಾರು ಕಟ್ಟಿದ್ದು ಎಂದು ಕೇಳಿದಳು. ಪರಂಗಿಯವರು ಎಂದೆ.

"ಇಲ್ಲಿಗೂ ಬಂದಿದ್ರಾ ಅವರು?"

"ಬಂದಿದ್ರು. ಇಲ್ಲಿಯವರು ಓಡಿಸಿದ್ರು."

"ನಮಗೆ ಓಡಿಸಲಿಕ್ಕೆ ಆಗ್ಲಿಲ್ಲ. ನಾವೇ ಓಡಿದ್ವಿ," ಎಂದು ಟ್ಯಾಕ್ಸಿಯ ಬಾಗಿಲನ್ನು ಒಳಗಿಂದ ಎಳೆದು ಹಿಡಿದುಕೊಂಡಳು. "ನೀ ಬೇಕಾದ್ರೆ ಫೋಟೋ ತೆಕ್ಕೊಂಡು ಬಾ. ನಾ ಇಳಿಯೂದಿಲ್ಲ."

ನಮ್ಮ ಕಟ್ಟಡದ ಕೆಳಗಿನ ಮನೆಯಲ್ಲಿ ಒಬ್ಬ ಒಮಾನಿ ಮುದುಕಿ ಇದ್ದಾರೆ. ಹುಟ್ಟಿದ್ದು ಜಂಜಿಬಾರಿನಲ್ಲಿ, ಹುಡುಗಿಯಾಗಿದ್ದಾಗ ಇಲ್ಲಿಗೆ ಬಂದವರು. ನಾನು ಅವರನ್ನು ಖಾಲಾ, ಅಂದರೆ ಚಿಕ್ಕಮ್ಮ, ಎನ್ನುತ್ತೇನೆ. ಆಯಿಯನ್ನು ಮೆಟ್ಟಿಲ ಬಳಿ ನೋಡಿದ ಖಾಲಾ ಅವಳ ಗಲ್ಲ ಹಿಡಿದೆತ್ತಿ, ತಮ್ಮ ಹರಕು ಹಿಂದಿಯಲ್ಲಿ ನನಗೆ, "ಇವಳು ನನ್ನ ತಂಗಿ! ಇಷ್ಟು ವರ್ಷ ಎಲ್ಲಿ ಬಚ್ಚಿಟ್ಟಿದ್ದೆ ಕಳ್ಳಿ?" ಎಂದರು. ಆಯಿಗೆ ಹಿಂದಿ ಬಾರದು, ಅರಬ್ಬಿ ಬಾರದು. ಆದರೂ ನಾನು ಕೆಲಸಕ್ಕೆ ಹೋದ ಮೇಲೆ ದಿನವೂ ಕೆಳಗೆ ಹೋಗಿ ಅವರ ಜೊತೆ ಕೂರುತ್ತಿದ್ದಳು. ಕಹ್ವಾ ಕಾಫಿ, ಖರ್ಜೂರ, ಮತ್ತೇನೋ. ಏನು ಮಾತಾಡ್ತೀರಿ ಎಂದರೆ, "ಎಲ್ಲ," ಎನ್ನುತ್ತಿದ್ದಳು.

ಅವಳು ಹೊರಡುವುದಕ್ಕೆ ಮೂರು ದಿನ ಮೊದಲಿನ ಶುಕ್ರವಾರ. ಮಧ್ಯಾಹ್ನದ ಊಟ ಆಗಿತ್ತು, ಸಂಜೆ ನನಗೆ ಡ್ಯೂಟಿ. ಈ ದೃಶ್ಯವನ್ನು ನಾನು ಒಂದು ಸಲ ಹೀಗೆ ಬರೆದಿದ್ದೆ: ಆಯಿ ಚಾಪೆ ಹಾಸಿದಳು, ನಾನು ಎದುರು ಕೂತೆ, ಅವಳು ಹೇಳಿದಳು, ನಾನು ಮೂರು ಮೂರು ಸಲ ಹೇಳಿದೆ, ಅವಳ ಕಣ್ಣಲ್ಲಿ ನೀರು ಬಂತು. ಬರೆಯುವಾಗ ನನಗೂ ಬಂತು. ಅದರಲ್ಲಿ ಚಾಪೆ ಒಂದು ನಿಜ.

ನನಗೆ ನನ್ನ ನೆನಪಿನ ಮೇಲೆ ನಂಬಿಕೆ ಇರಲಿಲ್ಲ. ಅದಕ್ಕೇ ಫೋನಿನ ರೆಕಾರ್ಡರ್ ಹಾಕಿ, ಪಕ್ಕದಲ್ಲಿದ್ದ ಕೌದಿಯ ಮಡಿಕೆಯೊಳಗೆ ಇಟ್ಟಿದ್ದೆ. ಆಯಿ ಊರಿಂದ ತಂದ ಕೌದಿ, ಅವಳೇ ಹಳೆ ಸೀರೆ ತುಂಡುಗಳಿಂದ ಹೊಲಿದದ್ದು. ಅವಳು ಹೆಸರು ಹೇಳುವಾಗ ನನ್ನ ಗಮನವೆಲ್ಲ ಏಸಿಯ ಸದ್ದಿನಲ್ಲಿ ದನಿ ಸರಿಯಾಗಿ ದಾಖಲಾಗುತ್ತಿದೆಯೋ ಇಲ್ಲವೋ ಎಂಬುದರ ಮೇಲಿತ್ತು. ಮುಗಿಯಿತು. ನಾನು ಯೂನಿಫಾರ್ಮ್ ಹಾಕಿಕೊಂಡು ಹೊರಟೆ. ಅವಳು ಊರಿಗೆ ಹೋದಳು. ಹೆಸರುಗಳು ಫೋನಿನಲ್ಲಿವೆ ಎಂದು ನಿಶ್ಚಿಂತೆಯಿಂದಿದ್ದೆ.

ಆರು ತಿಂಗಳಿಗೆ ಆಯಿ ಜ್ವರ ಬಂದು ನಾಲ್ಕೇ ದಿನದಲ್ಲಿ ತೀರಿಕೊಂಡಳು. ನಾನು ಮುಟ್ಟುವಷ್ಟರಲ್ಲಿ ಮಣ್ಣು ಮಾಡಿ ಆಗಿತ್ತು. ಮಣ್ಣು ಇನ್ನೂ ಹಸಿಯಿತ್ತು. ಕೈ ಇಟ್ಟು ನೋಡಿದೆ, ಅಷ್ಟೇ.

ಆ ರೆಕಾರ್ಡಿಂಗ್ ಅನ್ನು ನಾನು ತೆರೆದಿರಲಿಲ್ಲ. ಅವಳ ದನಿ ಕೇಳುವ ಧೈರ್ಯ ಬರಲಿಲ್ಲ. ಮಹಾನವಮಿಗೆ ವಾರವಿರುವಾಗ ಮಾವಶಿ ಫೋನ್ ಮಾಡಿದಳು. "ನಿನಗೆ ರಜೆ ಸಿಗದಿದ್ರೆ ಅಡ್ಡಿಲ್ಲ. ನಾ ಇಲ್ಲಿ ಕಾಯಿ ಇಡ್ತೆ, ಎಲೆ ಬಡಿಸ್ತೆ. ನೀ ಅಲ್ಲಿಂದ್ಲೇ ಫೋನಲ್ಲಿ ಕರಿ. ಅಕ್ಕ ಎಲ್ಲ ನಿನಗೆ ಕೊಟ್ಟಿದ್ಳಲ್ಲ."

"ಒಂದ್ಸಲ ಕೇಳಿ ಗಟ್ಟಿ ಮಾಡ್ಕೊಳ್ತೆ ಮಾವಶಿ," ಎಂದು ಅವಳು ಲೈನಿನಲ್ಲಿರುವಾಗಲೇ ರೆಕಾರ್ಡಿಂಗ್ ಹಾಕಿದೆ. ಮಾವಶಿ ಕೇಳಬಾರದಿತ್ತು. ಆದರೆ ಒಬ್ಬಳೇ ಕೇಳಲು ನನ್ನಿಂದಾಗಲಿಲ್ಲ.

ಆಯಿಯ ದನಿ. ಒಂದರ ಹಿಂದೆ ಒಂದು ಒಂಬತ್ತು ಹೆಸರು. ಮೂರನೆಯದು ಬರುತ್ತಿದ್ದಂತೆ ಆ ಕಡೆಯಿಂದ ಮಾವಶಿ ಬಾಯಿ ಹಾಕಿದಳು.

"ಇದು ನಮ್ಮ ಬಿಳಿ ಹ್ಯಾಟೆ ಕೋಳಿ ಹೆಸರು," ಎಂದಳು. "ಆ ಪುಸ್ತಕದವರಿಗೆ ಹೇಳಿದ್ದಲ್ಲನೇ ಇದು? ನಿನಗ್ಯಾಕೆ ಹೇಳಿದ್ಳು?"

ರೆಕಾರ್ಡಿಂಗ್ ಇನ್ನೂ ಓಡುತ್ತಿತ್ತು. ಬಟ್ಟೆ ಸರಿದ ಸದ್ದು. ಆಯಿ ನಗುತ್ತಾ ಹೇಳುತ್ತಿದ್ದಳು: "ಆಯ್ತು, ಕೌದಿಯೊಳಗಿರೋರಿಗೆ ಹೇಳಿ ಮುಗೀತು. ಈಗ ಅದನ್ನ ಹೊರಗಿಟ್ಟು ಬಾ. ಕೂತ್ಕೋ. ನಿನಗೆ ಹೇಳ್ತೆ."

ಆಮೇಲೆ ನನ್ನ ದನಿ, ಅವಸರದ್ದು: "ಈಗ ಬೇಡ ಆಯಿ, ವ್ಯಾನ್ ಬಂತು. ನಾಳೆ ಹೇಳು. ಯಲ್ಲಾ, ಹೊರಟೆ."

ಬಾಗಿಲು ಹಾಕಿದ ಸದ್ದು ಇಲ್ಲ. ಅದಕ್ಕೆ ಮೊದಲೇ ನಾನು ಫೋನ್ ಎತ್ತಿಕೊಂಡು ರೆಕಾರ್ಡರ್ ನಿಲ್ಲಿಸಿದ್ದೆ.

ಈ ಮಾತುಗಳಲ್ಲಿ ಒಂದೂ ನನಗೆ ನೆನಪಿರಲಿಲ್ಲ. ಈಗಲೂ ಇಲ್ಲ. ಆ ಮರುದಿನ ಏನಾಯಿತು ಎಂದು ಎಷ್ಟು ಸಲ ಕೆದಕಿದರೂ ಸೂಟ್‌ಕೇಸ್ ತೂಕ ಮಾಡಿದ್ದು, ಅವಳಿಗೆ ದೊಡ್ಡದಾದ ಚಪ್ಪಲಿಯನ್ನು ಬದಲಾಯಿಸಲು ಅಂಗಡಿಗೆ ಹೋದದ್ದು ಇಷ್ಟೇ ಸಿಗುತ್ತದೆ. ಅವಳು ಮತ್ತೆ ಕೇಳಿದಳೇ? ಕೇಳಿದ್ದರೆ ನಾನು ಏನೆಂದೆ? ಅವಳು ನನ್ನನ್ನು ಬಿಸ್ಕೀಟು ತಂದವರ ಸಾಲಿಗೆ ಸೇರಿಸಿದ್ದಳು ಎಂದು ಕೊರಗುವ ಹಕ್ಕೂ ನನಗಿಲ್ಲ. ಫೋನಿಗೆ ಸುಳ್ಳು ಕೊಟ್ಟು, ನಿಜವನ್ನು ನನಗೆ ಎತ್ತಿಟ್ಟಿದ್ದಳು.

ಮರುದಿನ ಕೆಳಗಿನ ಮನೆಗೆ ಹೋದೆ. ಖಾಲಾಗೆ ಎಲ್ಲ ಹೇಳಿದೆ. ಅವರು ನನ್ನ ಕೈ ತೆಗೆದುಕೊಂಡರು.

"ನಿನ್ನ ಅಮ್ಮ ದಿನಾ ಹೀಗೆ ನನ್ನ ಕೈ ಹಿಡಿಯುತ್ತಿದ್ದಳು," ಎಂದು ನನ್ನ ಕಿರುಬೆರಳ ಬುಡದ ಗೆಣ್ಣು ಒತ್ತಿದರು. "ಇಲ್ಲಿಂದ ಶುರು. ಒಂದೊಂದು ಗೆಣ್ಣಿಗೆ ಒಂದೊಂದು ಮಾತು, ಮೂರು ಮೂರು ಸಲ. ನನ್ನ ಬಾಯಿಂದಲೂ ಹೇಳಿಸುತ್ತಿದ್ದಳು. ನಾನೂ ಹೇಳುತ್ತಿದ್ದೆ."

"ಏನದು ಖಾಲಾ? ಒಂದಾದರೂ?"

"ನಿಮ್ಮ ಪ್ರಾರ್ಥನೆ ಅಂದುಕೊಂಡೆ ಮಗಳೇ. ತಸ್ಬೀಹ್ ಮಣಿ ಎಣಿಸುವ ಹಾಗೆ ಇತ್ತು. ಪ್ರಾರ್ಥನೆಯ ನಡುವೆ ಅರ್ಥ ಕೇಳಬಾರದಲ್ಲ." ಅವರ ತುಟಿ ಅಲ್ಲಾಡಿತು, ಏನೂ ಬರಲಿಲ್ಲ. ತಲೆ ಆಡಿಸಿದರು. "ಹೋಯಿತು. ಖಲಾಸ್."

ಎಷ್ಟು ಗೆಣ್ಣು ಎಂದು ಕೇಳಿದೆ. ಇಡೀ ಕೈ, ಹೆಬ್ಬೆರಳೂ ಸೇರಿ ಹದಿನಾಲ್ಕು ಎಂದರು. ಎರಡು ದಿನ ಬಿಟ್ಟು ಕೇಳಿದಾಗ ಹೆಬ್ಬೆರಳನ್ನು ಬಿಟ್ಟುಬಿಟ್ಟರು. ಹನ್ನೆರಡು. ಮೂರನೆಯ ಸಲ ನಾನು ಕೇಳಲಿಲ್ಲ.

ಮಹಾನವಮಿಯ ಬೆಳಿಗ್ಗೆ ಮಾವಶಿ ಫೋನಿನ ಪರದೆಯಲ್ಲಿ ಕಾಣಿಸಿದಳು. ಅಡಿಗೆಮನೆಯ ಮೂಲೆ, ಕಾಯಿ, ದೀಪ, ಬಾಳೆಲೆಯ ಮೇಲೆ ಅನ್ನ. ಹಿಂಬಾಗಿಲು ತೆರೆದಿತ್ತು, ಅದರಾಚೆ ಮರಗಳು. ಆ ಮರುದಿನ ಆಯಿ ನನಗೆ ಹೇಳಿರುತ್ತಾಳೆಂದೇ ಅವಳು ತಿಳಿದಿದ್ದಳು; ನಾನು ತಿದ್ದಿರಲಿಲ್ಲ. "ಕರಿ," ಎಂದಳು.

ನಾನು ಕಿರುಬೆರಳಿನಿಂದ ಶುರು ಮಾಡಿದೆ. ಒಂದೊಂದು ಗೆಣ್ಣನ್ನೂ ಮೂರು ಸಲ ಒತ್ತಿದೆ. ಬಾಯಲ್ಲಿ ಏನೂ ಇರಲಿಲ್ಲ.

"ದನಿ ಬರ್ತಾ ಇಲ್ಲ ಕಾಣು. ನೆಟ್‌ವರ್ಕ್ ಹೋಯ್ತನೇ?"

"ಇದೆ ಮಾವಶಿ."

ಹನ್ನೆರಡಕ್ಕೆ ಬಂದೆ. ಹೆಬ್ಬೆರಳಿಗೆ ಹೋಗಬೇಕೋ ಬೇಡವೋ ತಿಳಿಯಲಿಲ್ಲ. ಕೊನೆಗೆ ಆಯಿಯನ್ನಾದರೂ ಕರೆಯೋಣ, ಅವಳ ಹೆಸರು ಗೊತ್ತಲ್ಲ ಎಂದು ಬಾಯಿ ತೆರೆದೆ. ಆಗಲೇ ಹೊಳೆಯಿತು, ನನಗೆ ಗೊತ್ತಿರುವುದು ಪಾಸ್‌ಪೋರ್ಟಿನಲ್ಲಿದ್ದ ಹೆಸರು. ವೀಸಾದ ಅರ್ಜಿಯಲ್ಲಿ ನಾನೇ ಬರೆದದ್ದು. ಅದು ಬರೆದುಕೊಳ್ಳುವವರಿಗೆ ಕೊಟ್ಟ ಹೆಸರು. ಕಾಯಿಯ ಮುಂದಿನ ಅವಳ ಹೆಸರು ಸರದಿಯ ಕೊನೆಯಲ್ಲಿ ಇದ್ದಿರಬೇಕು. ಅದನ್ನು ಕೇಳಿಸಿಕೊಳ್ಳದೆ ನಾನು ವ್ಯಾನ್ ಹತ್ತಿದ್ದೆ.

"ಆಯಿ," ಎಂದೆ. ಮೂರು ಸಲ.

"ಆಯಿ ಅಂದ್ರೆ ಯಾರಂತ ತಿಳಿಯೂದು? ಅಲ್ಲಿ ನಿಂತೋರೆಲ್ಲ ಆಯಿಗಳೇ," ಎಂದಳು ಮಾವಶಿ. ಹಾಗೆಂದಳೆಂದು ನನಗೆ ನೆನಪು. ಇಷ್ಟು ಚೆಂದದ ಮಾತನ್ನು ನಾನೇ ಅವಳ ಬಾಯಲ್ಲಿ ಇಟ್ಟಿರಬಹುದು. ಆ ದಿನ ನಾನು ಏನನ್ನೂ ದಾಖಲು ಮಾಡಿರಲಿಲ್ಲ.

ಕರೆದು ಮುಗಿದ ಮೇಲೆ ಅವರು ಬಂದು ಉಣ್ಣುವಷ್ಟು ಹೊತ್ತು ಕಾಯಬೇಕು. ಕಾದೆವು. ಅನ್ನದ ಹಬೆ ನಿಂತಿತು. ತೆರೆದ ಹಿಂಬಾಗಿಲಿನಿಂದ ಒಂದು ಕೋಳಿ ಒಳಗೆ ಬಂತು. ಅದರ ಹಿಂದೆ ಇನ್ನೊಂದು. ಎಲೆಯ ಸುತ್ತ ಒಂದು ಸುತ್ತು ಬಂದು, ಕತ್ತು ಓರೆ ಮಾಡಿ ನೋಡಿ, ಅನ್ನ ಹೆಕ್ಕತೊಡಗಿದವು. ಮಾವಶಿ ಓಡಿಸಲು ಕೈ ಎತ್ತಿದಳು. ಎತ್ತಿದ ಕೈಯನ್ನು ಹಾಗೇ ಮಡಿಲಿಗೆ ಇಳಿಸಿಕೊಂಡಳು.

ಆಯಿ ಇದ್ದಿದ್ದರೆ ಇಬ್ಬರೂ ನೆಲಕ್ಕೆ ಕೂತು ನಗುತ್ತಿದ್ದರು. ಮಾವಶಿ ನಗಲಿಲ್ಲ. ಇಲ್ಲಿ ಕೆಳಗೆ ರಸ್ತೆಯಲ್ಲಿ ಕ್ಲಿನಿಕ್ಕಿನ ವ್ಯಾನ್ ಹಾರ್ನ್ ಹೊಡೆಯಿತು. ಮತ್ತೆ ಹೊಡೆಯಿತು. ನಾನು ಎದ್ದೇಳಲಿಲ್ಲ.